ಮಗಳಿಗೆ ಎರಡಕ್ಷರದ, ಓಣ್ಯಾಗ ಯಾರೂ ಇಡದ ಹೆಸರು ಬೇಕಾಗೈತಿ, ‘ಈ’ ಬಂದೈತಿ

ಕೊಪ್ಪಳದ ಅಪ್ಪ
ಹೆಣ್ಮಗು. ಹದಿಮೂರನೇ ದಿನಕ್ಕ ತೊಟ್ಲಾಗ ಹಾಕೋದೈತಿ, ಕೈಯಾಗ ಇನ್ನ ಏಳು ದಿನ. ಎರಡಕ್ಷರ ಇರಬೇಕು, ಭಾಳಂದ್ರ ಮೂರು. ಯಾಕಂದ್ರ ಮನೆತನದ ಹೆಸರು ಊರಿಂದು, ಅದ ಆರಕ್ಷರ ಐತಿ. ಮುಂದ ಇನ್ನೊಂದು ಉದ್ದಂದು ಹಚ್ಚಿದ್ರ ಯಾವ ಫಾರ್ಮಿನ ಚೌಕದಾಗೂ ಹಿಡಿಯಂಗಿಲ್ಲ. ಆದ್ಯಾ, ಅನ್ವಿ, ಸಾನ್ವಿ, ಆರಾಧ್ಯಾ ಬ್ಯಾಡ, ಅಂಗನವಾಡ್ಯಾಗ ಒಮ್ಮೆ ಕೂಗಿದ್ರ ನಾಕು ಮಂದಿ ತಿರುಗಿ ನೋಡ್ತಾವು. ನಕ್ಷತ್ರ ಕೃತ್ತಿಕಾ ಎರಡನೇ ಪಾದ, ‘ಈ’ ಅಕ್ಷರ. ಹಿರಿಯಾರು ಅದನ್ನ ಬಿಡಂಗಿಲ್ಲ ಅಂತಾರ. ಬೀಗರು ಬಳ್ಳಾರಿ–ಆದೋನಿ ಸೀಮಿಯವ್ರು, ಮನ್ಯಾಗ ತೆಲುಗು. ಅವರ ಬಾಯಾಗ ಕೆಟ್ಟ ಅರ್ಥ ಬರಬಾರ್ದು. ನಾನು ಬರಕೊಂಡಿದ್ದು: ಇರಾ, ಇಳಾ, ಇನಿ, ಇಬ್ಬನಿ. ತಪ್ಪಿದ್ರ ತಿದ್ರಿ, ಬ್ಯಾರೆ ಇದ್ರ ಹೇಳ್ರಿ.

ರಾಯಚೂರ ಬಿಸಿಲು
‘ಇರಾ’ ಮೊದ್ಲ ತಗದು ಹಾಕ್ರಿ. ರಾಯಚೂರು, ಲಿಂಗಸುಗೂರು, ಕುಷ್ಟಗಿ ಯಾವ ಕಡಿ ಹೋದ್ರೂ ಈರ ಅಂದ್ರ ಈರಣ್ಣ, ಈರಪ್ಪ, ಈರಭದ್ರ. ವೀರಭದ್ರನ ‘ವೀ’ ನಮ್ಮ ಬಾಯಾಗ ‘ಈ’ ಆಗ್ಯದ. ದೂರಿಂದ ಕೂಗಾಗ ಮೊದಲ್ನೇ ಅಕ್ಷರ ಎಳದೇ ಎಳೀತೀವಿ, ‘ಇರಾ’ ಹೋಗಿ ‘ಈರಾ’ ಆಗ್ತದ, ಓಣ್ಯಾಗಿನ ಗಂಡಸರು ಓ ಅಂತಾರ. ಹೆಣ್ಣಂತ ತಿಳೀಲಿ ಅಂತ ಹಿಂದ ಅವ್ವ ಹಚ್ಚಿದ್ರ ಈರವ್ವ. ಅದೂ ಛಲೋ ಹೆಸರ, ಆದ್ರ ನೀವು ಹುಡುಕ್ಲಾಕತ್ತಿದ್ದು ಅದಲ್ಲ.

ಒಂದೇ ಸಾಲು
ಸಿರಿ ಅಂತಿಡ್ರಿ, ಮುಗೀತು.

ಹಗರಿ ದಂಡೆ
@ಒಂದೇ ಸಾಲು, 2011ರಿಂದ ಆ ಹೆಸರು ಕರೆದ್ರೆ ಮಗು ಬದ್ಲು ಐಫೋನ್ ಮಾತಾಡ್ತೈತೆ. ಅದೂ ಅಲ್ದೆ ಸಿರಿ ಈಗ ಅಪರೂಪ ಎಲ್ಲೈತೆ?

ಪದಕೋಶ
ಅರ್ಥದ ಮಟ್ಟಿಗೆ ಹೇಳುತ್ತೇನೆ, ಊರಿನ ಬಾಯಿಯ ವಿಚಾರ ಊರಿನವರೇ ಹೇಳಲಿ.

ಇರಾ: ಸಂಸ್ಕೃತದಲ್ಲಿ ಕುಡಿಯುವ ದ್ರವ, ನೀರು, ಆಹಾರ, ಭೂಮಿ, ಮಾತು ಎಂಬ ಅರ್ಥಗಳೂ ಉಂಟು. ಅದೇ ಸಾಲಿನಲ್ಲಿ ಮದ್ಯ ಎಂಬ ಅರ್ಥವೂ ಇದೆ, ಹೆಸರು ಮಾರುವ ಜಾಲತಾಣಗಳು ಅದೊಂದನ್ನು ಮಾತ್ರ ಜಾಣತನದಿಂದ ಬಿಡುತ್ತವೆ. ಐರಾವತದ ಬೇರು ಇಲ್ಲೇ: ಇರಾವತ್ ಎಂದರೆ ನೀರುಳ್ಳದ್ದು.

ಇಳಾ: ಭೂಮಿ, ಮಾತು. ನಮ್ಮ ಇಳೆ ಇದರ ತದ್ಭವ. ಪುರಾಣದ ಇಳಾ ಮನುವಿನ ಮಗಳು, ಬುಧನ ಹೆಂಡತಿ, ಪುರೂರವನ ತಾಯಿ.

ಇನಿ: ಅಚ್ಚಗನ್ನಡ. ಸಿಹಿ, ಇಂಪು. ಇನಿದನಿ, ಇನಿಮಾತು ಎನ್ನುತ್ತೇವಲ್ಲ, ಅದೇ. ಇಬ್ಬನಿ ಮಂಜಿನ ಹನಿ. ಇದೇ ‘ಇನ್’ಗೆ ‘ಸರ’ (ಸ್ವರದ ತದ್ಭವ) ಸೇರಿ ಸಕಾರ ಚಕಾರವಾಗಿ ಇಂಚರ ಆಯಿತು, ಹಕ್ಕಿಯ ಇನಿದನಿ. ಈ ಪಟ್ಟಿಗೆ ಈಹಾ ಎಂಬುದನ್ನೂ ಸೇರಿಸಬಹುದು. ಬಯಕೆ, ಪ್ರಯತ್ನ ಎಂದರ್ಥ.

ಶಾಲಾ ಹಾಜರಿ
ಇನಿ ಚಂದ ಕೇಳ್ತೈತಿ, ಆದ್ರ ವಿಭಕ್ತಿ ಹಚ್ಚಿ ನೋಡೀರೇನು? ಇ ಕಾರದಾಗ ಮುಗಿಯೋ ಹೆಸರಿಗೆ ಷಷ್ಠಿ ಹಚ್ಚಿದ್ರ ನಡುವ ‘ಯ’ ಬರ್ತೈತಿ. ಗೌರಿ, ಗೌರಿಯ. ಇನಿ, ಇನಿಯ. ‘ಇನಿಯ ಪುಸ್ತಕ ಎಲ್ಲಿ’ ಅಂತ ಕೇಳಿದ್ರ ಹೈಸ್ಕೂಲಿನಾಗ ಹುಡುಗ್ರು ಬಿಡ್ತಾವೇನು? ಇನಿಯ ಅಂದ್ರ ಪ್ರಿಯಕರ. ಸಣ್ಣ ಹೆಸರಿಗೆ ಇದ ತ್ರಾಸು. ಪ್ರತ್ಯಯ ಹಚ್ಚಿದ ಕೂಡ್ಲೆ ಬ್ಯಾರೆ ಪದ ಆಗಿ ಕುಂದರ್ತೈತಿ. ಹೆಸರು ಯಾವುದರ ಇರ್ಲಿ, ‘–ಗೆ, –ನ್ನ, –ಯ, –ಳ’ ನಾಕೂ ಹಚ್ಚಿ ಜೋರಾಗಿ ಅಂದು ನೋಡ್ರಿ. ‘ಆ’ದಾಗ ಮುಗಿಯೋ ಹೆಸರು ಇದ್ರಾಗ ಗಟ್ಟಿ: ಇಳಾಗ, ಇಳಾನ್ನ, ಇಳಾಳ, ಎಲ್ಲೂ ಕೆಡಂಗಿಲ್ಲ.

ಎರಡನೇದು, ನಮ್ಮ ಕಡಿ ಪದದ ಕೊನಿಗಿರೋ ‘ಎ’ ನಿಲ್ಲಂಗಿಲ್ಲ. ಮನೆ ಮನಿ, ತೆನೆ ತೆನಿ, ಎಲೆ ಎಲಿ. ಹಂಗಾಗಿ ‘ಇಳೆ’ ಅಂತ ಅಪ್ಪಿತಪ್ಪಿನೂ ಇಡಬ್ಯಾಡ್ರಿ. ಕರದ್ರ ‘ಇಳಿ’ ಆಗ್ತೈತಿ. ಬಸ್ಸಿನಾಗ ಕೂತಾಗ ಯಾರರ ಹೆಸರು ಹಿಡಿದು ಕರದ್ರ ಕೂಸು ಇಳದು ಹೋಗ್ತೈತಿ.

ಕೊಪ್ಪಳದ ಅಪ್ಪ
😀 ಇನಿ, ಇರಾ ಎರಡೂ ಹೊಡದು ಹಾಕೀನಿ. ಇಳೆ ಅಲ್ಲ, ಇಳಾ ಅಂತ ಬರಕೊಂಡೀನಿ.

ತೊಟ್ಟಿಲ ಹಾಡು
ಇಳಾ ಒಳ್ಳೇದೇ, ಆದ್ರ ಪುರಾಣದಾಗ ಆಕಿ ಒಂದು ತಿಂಗಳು ಹೆಣ್ಣು ಒಂದು ತಿಂಗಳು ಗಂಡು ಆಗಿರ್ತಾಳಂತ ಕಥಿ ಐತಲ್ಲ, ಗಂಡಾದಾಗ ಹೆಸರು ಸುದ್ಯುಮ್ನ ಅಂತ. ಹಿರಿಯಾರಿಗೆ ಗೊತ್ತಾದ್ರ ಒಪ್ಪೂದಿಲ್ಲ.

ಪದಕೋಶ
ಕಥೆ ಇದೆ, ನಿಜ. ಆದರೆ ಚಂದ್ರವಂಶಕ್ಕೇ ಆಕೆ ಮೂಲ. ಪಾಂಡವರು, ಯಾದವರು ಎಲ್ಲ ಆ ಬಳ್ಳಿಯವರೇ. ಪುರಾಣದ ಕಥೆ ನೋಡಿ ಹೆಸರು ಬಿಡುವುದಾದರೆ ಸೀತೆ, ದ್ರೌಪದಿ, ಅಹಲ್ಯೆ, ರೇಣುಕೆ ಯಾರ ಹೆಸರನ್ನೂ ಇಡುವ ಹಾಗಿಲ್ಲ.

ಪಂಚಾಂಗ ಪ್ರಿಯ
ನಕ್ಷತ್ರದ ವಿಷಯಕ್ಕೆ ಬರ್ತೀನಿ. ಕೃತ್ತಿಕೆಯ ನಾಲ್ಕು ಪಾದಕ್ಕೆ ಅ, ಈ, ಉ, ಏ. ಎರಡನೇ ಪಾದ ಆದರೆ ‘ಈ’ ಸರಿ, ರಾಶಿ ವೃಷಭ. ಹ್ರಸ್ವ ದೀರ್ಘ ಎರಡೂ ನಡೆಯುತ್ತೆ, ‘ಇ’ಯಿಂದ ಶುರುವಾದರೂ ದೋಷ ಇಲ್ಲ. ಆದರೆ ಪಾದವನ್ನ ಇನ್ನೊಮ್ಮೆ ನೋಡಿಸಿ. ಒಂದು ನಕ್ಷತ್ರ 13 ಅಂಶ 20 ಕಲೆ, ಚಂದ್ರ ಅದನ್ನ ದಾಟೋಕೆ ಸುಮಾರು ಒಂದು ದಿನ. ಒಂದು ಪಾದ ಅಂದರೆ 3 ಅಂಶ 20 ಕಲೆ, ಸುಮಾರು ಆರು ತಾಸು. ಹುಟ್ಟಿದ ಹೊತ್ತು ಅಂದಾಜಿನಲ್ಲಿ ಹೇಳಿದ್ದರೆ, ಅದೂ ಪಾದದ ಅಂಚಿನಲ್ಲಿ ಬಿದ್ದಿದ್ದರೆ, ಅಕ್ಷರವೇ ಬದಲಾಗುತ್ತೆ. ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯಲ್ಲಿ ಬರೆದ ಸಮಯ ಕೊಟ್ಟು ಕೇಳಿ, ‘ಬೆಳಗಿನ ಜಾವ’ ಅಂತ ಹೇಳಬೇಡಿ.

ಇನ್ನೊಂದು. ನೀವು ಎರಡಕ್ಷರ ಅಂತೀರಿ. ಗೃಹ್ಯಸೂತ್ರದ (ಮನೆಯ ಸಂಸ್ಕಾರಗಳನ್ನ ಹೇಳೋ ಹಳೇ ಗ್ರಂಥ) ಪ್ರಕಾರ ಗಂಡಿಗೆ ಸಮಸಂಖ್ಯೆ, ಹೆಣ್ಣಿಗೆ ಬೆಸಸಂಖ್ಯೆ ಅಕ್ಷರ ಇರಬೇಕು, ಕೊನೆಗೆ ‘ಆ’ ಬರಬೇಕು. ಆ ಸೂತ್ರ ಬರೆದ ಪಾರಸ್ಕರರು ಇದನ್ನೇ ಹೇಳೋದು. ಇಳಾಗೆ ಎರಡೇ ಅಕ್ಷರ, ಹಾಗಾಗಿ ಶಾಸ್ತ್ರಕ್ಕೆ ಕೂರೋದಿಲ್ಲ. ಇಂದಿರಾ ಮೂರು ಅಕ್ಷರ, ಸರಿಹೋಗುತ್ತೆ.

ಗಂಗಾವತಿ ಗದ್ದೆ
ಸೀತಾ, ರಾಧಾ, ಉಮಾ, ಗಂಗಾ, ದುರ್ಗಾ. ಎಲ್ಲಾ ಎರಡಕ್ಷರ. ಇವರ್ಯಾರೂ ಶಾಸ್ತ್ರಕ್ಕ ಕೂರಲಿಲ್ಲೇನು ಸ್ವಾಮೇರ?

ಪಂಚಾಂಗ ಪ್ರಿಯ
ದೇವತೆಗಳ ಮಾತು ಬೇರೆ.

ಗಂಗಾವತಿ ಗದ್ದೆ
ಬೇರೆ ಆದ್ರ ಅವರ ಹೆಸರು ನಮ್ಮ ಮಕ್ಕಳಿಗೆ ಇಟ್ಟಾಗ?

ಪದಕೋಶ
ಜಗಳ ಬೇಡ. ಮನುಸ್ಮೃತಿಯೂ ಹೆಣ್ಣಿನ ಹೆಸರಿಗೆ ಲಕ್ಷಣ ಹೇಳುತ್ತದೆ. ಸುಲಭವಾಗಿ ನುಡಿಯುವಂತಿರಬೇಕು, ಕಠೋರವಾಗಿರಬಾರದು, ಅರ್ಥ ಸ್ಪಷ್ಟವಾಗಿರಬೇಕು, ಕೊನೆಯಲ್ಲಿ ದೀರ್ಘಸ್ವರ ಇರಬೇಕು. ಅಲ್ಲಿ ಅಕ್ಷರದ ಲೆಕ್ಕ ಇಲ್ಲ. ಇಳಾ ಅದಕ್ಕೆ ಪೂರ್ತಿ ಹೊಂದುತ್ತದೆ. ಮೇಲೆ ಶಾಲಾ ಹಾಜರಿ ಮೇಷ್ಟ್ರು ಹೇಳಿದ ‘ಆ’ ಕಾರದ ಲೆಕ್ಕವೂ ಅದೇ.

ತೊಟ್ಟಿಲ ಹಾಡು
ಇದಕ್ಕ ಇಷ್ಟ್ಯಾಕ ಬಡದಾಡ್ತೀರಿ? ನಾಮಕರಣದಾಗ ಪದ್ಧತಿ ಪ್ರಕಾರ ನಾಕು ಹೆಸರು ಇಡೂದು: ಕುಲದೇವತಾ ನಾಮ, ಮಾಸನಾಮ, ನಕ್ಷತ್ರನಾಮ, ವ್ಯವಹಾರನಾಮ. ಹಿರಿಯಾರಿಗೆ ಬೇಕಾದ ‘ಈ’ ನಕ್ಷತ್ರನಾಮಕ್ಕ ಸಾಕು. ಅಕ್ಕಿ ಹರವಿದ ತಾಟಿನಾಗ ಬರದು, ಕಿವಿಯಾಗ ಹೇಳಿ ಬಿಡ್ರಿ. ವ್ಯವಹಾರಕ್ಕ ನಿಮಗ ಬೇಕಾದ ಅಕ್ಷರ ತಗೋರಿ. ಹಂಗ ಮಾಡಿದ್ರ ‘ಈ’ಗ ಕಟ್ಟು ಬೀಳೂದು ತಪ್ಪತೈತಿ.

ಒಂದು ಎಚ್ಚರಿಕಿ. ತೊಟ್ಲದಾಗ ಮೊದ್ಲು ಗುಂಡಕಲ್ಲಿಗೆ ಕುಂಚಗಿ (ಕೂಸಿನ ಟೊಪ್ಪಿಗಿ) ತೊಡಿಸಿ ಮಲಗಿಸಿ, ಆಮ್ಯಾಲ ಕೂಸು. ಸೋದರತ್ತಿ ಬಗ್ಗಿ ಕಿವಿಯಾಗ ‘ಕುರ್ರ್’ ಅಂದು ಹೆಸರು ಹೇಳಾಗ ಹಿಂದಿನವ್ರು ಬೆನ್ನಿಗೆ ಗುದ್ದತಿರ್ತಾರ. ಆ ಗದ್ದಲದಾಗ ಸೋದರತ್ತಿಗೆ ಹೆಸರು ಅರ್ಧ ಕೇಳಿರ್ತೈತಿ. ಎರಡಕ್ಷರದ್ದು ಅರ್ಧ ಅಂದ್ರ ಉಳಿಯೂದು ಒಂದ ಅಕ್ಷರ. ಮೊದಲ ಚೀಟ್ಯಾಗ ಬರದು ಕೈಯಾಗ ಕೊಡ್ರಿ.

ಹಗರಿ ದಂಡೆ
ತೆಲುಗು ಕಡೆ ಪರೀಕ್ಷೆ ನಾನು ಹೇಳ್ತೀನಿ, ಅವರು ಕೇಳ್ಯಾರೆ. ಇಳಾ, ಇಬ್ಬನಿ, ಇಂಚರ ಮೂರಕ್ಕೂ ತೆಲುಗಲ್ಲಿ ಕೆಟ್ಟ ಅರ್ಥ ಇಲ್ಲ. ಇಲ ಅಂದ್ರೆ ಅಲ್ಲೂ ಭೂಮಿನೇ. ಬಲೆ ಇರೋದು ಬೇರೆ ಕಡೆ. ‘ಹನಿ’ ಬದ್ಲು ಹಳೆಗನ್ನಡ ‘ಪನಿ’ ಇಡೋಣ ಅನ್ನೋರು ಇರ್ತಾರೆ. ತೆಲುಗಲ್ಲಿ ಪನಿ ಅಂದ್ರೆ ಕೆಲಸ, ಉರ್ದುವಿನವ್ರ ಕಿವಿಗೆ ನೀರು. ‘ತೆನೆ’ ಅಂತಿಟ್ರೆ ತೇನೆ ಅಂತ ಕೇಳಿ ಜೇನುತುಪ್ಪ ಅಂತಾರೆ, ಅದು ಲಾಭವೇ ಬಿಡಿ. ‘ಕಲಾ’ ಅಂದ್ರೆ ‘ಕಲ’, ಕನಸು, ಅದೂ ಪರವಾಗಿಲ್ಲ. ‘ಈಗ’ ಅಂದ್ರೆ ನೊಣ, ಅದು ಹೆಸರಲ್ಲ, ಆದ್ರೆ ‘ಈಹಾ’ನ ಅವಸರದಲ್ಲಿ ಅಂದ್ರೆ ಏನಾಗತ್ತೆ ನೋಡ್ಕೊಳ್ಳಿ.

ಹೊಸ ಫ್ಯಾಷನ್ನಿನ ಹೆಸರಲ್ಲಿ ಬಲೆ ನಮ್ಮ ಕನ್ನಡದ್ದೇ: ನೋವಾ, ಸಾವಿ, ಕೀವಾ. ಇಂಗ್ಲಿಷಲ್ಲಿ ಓದಿ ಚಂದ ಅಂತ ಇಡ್ತಾರೆ, ಕನ್ನಡದಲ್ಲಿ ಬರೆದು ನೋಡೋದಿಲ್ಲ. ಮಿಶಾ ಅಂತಿಟ್ರೆ ಓಣ್ಯಲ್ಲಿ ಮೀಸಿ ಆಗತ್ತೆ.

ಒಂದೇ ಸಾಲು
ಕಾರಾ ಅಂತ ಒಂದು ಹೆಸರು ಐತಿ, ಬ್ಯಾಡಗಿಯವ್ರು ಇಡಬೇಕು.

ದಖನಿ ಜುಬಾನ್
ಮುಸ್ಲಿಂ ಮನೆಗಳಲ್ಲೂ ಇದೇ ತಲೆನೋವು, ಹಾಗಾಗಿ ಸೇರಿಸ್ತೀನಿ. ಹಿಬಾ (ಉಡುಗೊರೆ), ಸಬಾ (ಬೆಳಗಿನ ತಂಗಾಳಿ), ಹಯಾ (ಲಜ್ಜೆ), ನಿದಾ (ಕರೆ), ಎಲ್ಲಾ ಎರಡಕ್ಷರ. ಉರ್ದುವಿನಲ್ಲಿ ಬರೆದರೆ ಸಮಸ್ಯೆ ಇಲ್ಲ, ಕನ್ನಡಕ್ಕೆ ಬಂದಾಗ ಇದೆ. ಸಬಾ ಅನ್ನೋದನ್ನ ಗುಮಾಸ್ತರು ‘ತಪ್ಪು’ ಅಂದ್ಕೊಂಡು ಸಭಾ ಅಂತ ತಿದ್ದಿಬಿಡ್ತಾರೆ, ಹುಡುಗಿ ಹೆಸರು ಮೀಟಿಂಗ್ ಆಗತ್ತೆ. ನಿದಾ ನಿಧಾ ಆಗತ್ತೆ. ಮಹಾಪ್ರಾಣ ಇಲ್ಲದ ಹೆಸರಿಗೆ ಮಹಾಪ್ರಾಣ ಹಚ್ಚೋದು ಕಚೇರಿಯ ಚಟ. ಬಾಯಲ್ಲಿ ಇರೋ ಮಹಾಪ್ರಾಣ ಬಿಡೋದು ಊರಿನ ಚಟ. ಎರಡರ ನಡುವೆ ಸಿಕ್ಕಬಾರದು ಅಂದ್ರೆ ಖ ಘ ಛ ಝ ಥ ಧ ಫ ಭ, ಶ ಷ, ಋ ಇರೋ ಹೆಸರೇ ಬೇಡ.

ರಾಯಚೂರ ಬಿಸಿಲು
ಖರೇ ಮಾತು. ಈಶಾ ಈಸಾ ಆಗ್ತದ, ಧೃತಿ ದುರುತಿ ಆಗ್ತದ. ಇಳಾದಾಗ ಅಂಥಾದ್ದು ಯಾವುದೂ ಇಲ್ಲ. ‘ಳ’ ನಮ್ಮ ಮುದುಕ್ರ ನಾಲಿಗಿ ಮ್ಯಾಲೆ ಗಟ್ಟಿ ಅದ. ಬೆಂಗಳೂರಿನ ಸಾಲಿ ಹುಡುಗ್ರಿಗೇ ಅದು ಬರಂಗಿಲ್ಲ.

ನೋಂದಣಿ ಖಾತೆ
ಕಾಗದದ ಕಡೆಯಿಂದ ಕೆಲವು ಮಾತು. ಸಣ್ಣ ಹೆಸರಿಗೆ ಇದೇ ಮುಖ್ಯ.

ಮೊದಲನೆಯದು, ಹೆಸರಿಗಾಗಿ ಜನನ ನೋಂದಣಿ ತಡ ಮಾಡಬೇಡಿ. ಹುಟ್ಟಿದ 21 ದಿನದೊಳಗೆ ನೋಂದಣಿ ಆಗಬೇಕು. ಆಸ್ಪತ್ರೆಯಲ್ಲಿ ಹೆರಿಗೆ ಆಗಿದ್ದರೆ ಮಾಹಿತಿ ಅಲ್ಲಿಂದಲೇ ಹೋಗುತ್ತದೆ. ಹೆಸರಿನ ಜಾಗ ಖಾಲಿ ಬಿಟ್ಟು ನೋಂದಣಿ ಮಾಡಿಸಬಹುದು, 1969ರ ಜನನ ಮರಣ ನೋಂದಣಿ ಕಾಯ್ದೆಯ 14ನೇ ಸೆಕ್ಷನ್ ಇರುವುದೇ ಅದಕ್ಕೆ. 12 ತಿಂಗಳೊಳಗೆ ಹೆಸರು ಸೇರಿಸಲು ಶುಲ್ಕ ಇಲ್ಲ, ಆಮೇಲೆ ತಡದ ಶುಲ್ಕ ಕಟ್ಟಿ 15 ವರ್ಷದವರೆಗೆ ಸೇರಿಸಬಹುದು. ಆದರೆ ಒಮ್ಮೆ ಹೆಸರು ಕೂತ ಮೇಲೆ ‘ಬೇರೆ ಇಡೋಣ’ ಅಂದರೆ ಕಷ್ಟ. 15ನೇ ಸೆಕ್ಷನ್ ಪ್ರಕಾರ ಆಗುವುದು ತಪ್ಪಾಗಿ ಬರೆದದ್ದರ ತಿದ್ದುಪಡಿ. ಮನಸ್ಸು ಬದಲಾಯಿತು ಅನ್ನುವುದಕ್ಕೆ ಅದು ದಾರಿಯಲ್ಲ. ಹಾಗಾಗಿ ಗೊಂದಲ ಇದ್ದರೆ ಖಾಲಿ ಬಿಡುವುದೇ ಜಾಣತನ.

ಎರಡನೆಯದು, 2023ರ ಅಕ್ಟೋಬರ್ 1ರಿಂದ ಅದರ ತಿದ್ದುಪಡಿ ಕಾಯ್ದೆ ಜಾರಿಯಲ್ಲಿದೆ. ಆ ದಿನ ಅಥವಾ ಆಮೇಲೆ ಹುಟ್ಟಿದವರಿಗೆ ಶಾಲೆ ಸೇರಿಸಲು, ಮತದಾರರ ಪಟ್ಟಿಗೆ, ಡ್ರೈವಿಂಗ್ ಲೈಸೆನ್ಸಿಗೆ, ಆಧಾರ್‌ಗೆ ಹುಟ್ಟಿದ ದಿನಾಂಕಕ್ಕೂ ಸ್ಥಳಕ್ಕೂ ಜನನ ಪ್ರಮಾಣಪತ್ರವೇ ಆಧಾರ. ಅಲ್ಲಿ ಯಾವ ಅಕ್ಷರ ಕೂತಿದೆಯೋ ಅದು ಶಾಲೆಯ ದಾಖಲಾತಿ ಪುಸ್ತಕಕ್ಕೆ, ಅಲ್ಲಿಂದ ಸ್ಯಾಟ್ಸ್‌ಗೆ (ಶಾಲಾ ಮಕ್ಕಳ ಸರ್ಕಾರಿ ಆನ್‌ಲೈನ್ ದಾಖಲೆ), ಅಲ್ಲಿಂದ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹರಿಯುತ್ತದೆ. ಸ್ಯಾಟ್ಸ್ ಮತ್ತು ಆಧಾರ್ ಹೆಸರು ಹೊಂದದಿದ್ದರೆ ಅಪಾರ್ ಐಡಿ (ವಿದ್ಯಾರ್ಥಿಯ ಗುರುತಿನ ಸಂಖ್ಯೆ) ಸಿಕ್ಕಿಬೀಳುತ್ತದೆ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಸಲ ಅವಕಾಶ, ಅದನ್ನು ಮಗು ನಡೆಯುವ ಮೊದಲೇ ಖರ್ಚು ಮಾಡಬೇಡಿ.

ಮೂರನೆಯದು, ಇಂಗ್ಲಿಷ್ ಕಾಗುಣಿತ. ಹತ್ತಕ್ಷರದ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದರೂ ಜನ ಊಹಿಸುತ್ತಾರೆ. ಮೂರಕ್ಷರದಲ್ಲಿ ಒಂದು ತಪ್ಪಿದರೆ ಬೇರೆ ಮನುಷ್ಯ.

ಶಾಲಾ ಹಾಜರಿ
ಇದಕ್ಕ ಇಳಾನ ಉದಾಹರಣಿ. ಇಂಗ್ಲಿಷಿನಾಗ ಐ, ಎಲ್, ಎ. ದೊಡ್ಡ ಐ, ಸಣ್ಣ ಎಲ್ ಎರಡೂ ಛಾಪಿಸಿದಾಗ ನೆಟ್ಟಗ ನಿಂತ ಕಡ್ಡಿ. ಯಾವುದು ಐ ಯಾವುದು ಎಲ್ ಅಂತ ಓದೋನಿಗೆ ತಿಳಿಯಂಗಿಲ್ಲ. ಫಾರ್ಮ್ ತುಂಬಾಗ ಪೂರ್ತಿ ದೊಡ್ಡಕ್ಷರದಾಗ ಬರೀರಿ. ಆಮ್ಯಾಲ ಇಂಗ್ಲಿಷಿನಿಂದ ಕನ್ನಡಕ್ಕ ತಂತ್ರಾಂಶ ತಾನ ತಿರುಗಿಸಿದಾಗ ‘ಳ’ ಉಳಿಯಂಗಿಲ್ಲ, ‘ಇಲ’ ಅಂತ ಬರ್ತೈತಿ. ಇಲಿಗೂ ಇಲ್ಲಕ್ಕೂ ನಡುವ ನಿಂತಂಗ. ಹಾಜರಿ ಕೂಗಾಗ ‘ಇಲಾ?’ ಅಂದ್ರ ಉಳಿದ ಹುಡುಗ್ರು ‘ಇಲ್ಲಾ ಸರ್’ ಅಂತಾವು, ಆಕಿ ಎದ್ದು ನಿಂತು ‘ಅದೀನಿ ಸರ್’ ಅನ್ನಬೇಕು.

ಹನಿ ಅನ್ನೋ ಹೆಸರಿಗೂ ಇದ ಗತಿ. ಎಚ್, ಎ, ಎನ್, ಐ ಅಂತ ಬರದ್ರ ಕಂಪ್ಯೂಟರು ಕನ್ನಡಕ್ಕ ತಿರುಗಿಸಾಗ ಹಾನಿ ಮಾಡ್ತೈತಿ. ನನೆ (ಮೊಗ್ಗು) ಅಂತ ಚಂದನ ಹೆಸರೈತಿ, ಅದು ‘ನಾನೇ’ ಆಗ್ತೈತಿ. ಈಹಾ ಬರೀವಾಗ ಒಂದ ಐ ಹಾಕಿದ್ರ ‘ಇಹ’. ಪರ ಎಲ್ಲಿ ಅಂತ ಕೇಳ್ತಾರ.

ಗಂಗಾವತಿ ಗದ್ದೆ
ಸೋನೆ ಅಂತ ನಾನು ಹೇಳಾವಿದ್ದೆ, ಜಿಟಿಜಿಟಿ ಮಳಿ. ಮ್ಯಾಲಿಂದು ಓದಿ ಸುಮ್ಮನಾದೆ. ಗಂಗಾವತಿ, ಕಾರಟಗಿ, ಸಿಂಧನೂರಿನಾಗ ಸೋನಾ ಅಂದ್ರ ಅಕ್ಕಿ ಚೀಲ. ‘ಸೋನಾ ಎಷ್ಟು ರೇಟ್’ ಅಂತ ದಿನಾ ಕೇಳಬೇಕಾಗ್ತೈತಿ.

ಪಂಚಾಂಗ ಪ್ರಿಯ
ಇಂಗ್ಲಿಷ್ ಕಾಗುಣಿತಕ್ಕೆ ಒಂದು ಅಕ್ಷರ ಹೆಚ್ಚು ಸೇರಿಸಿದರೆ ಸಂಖ್ಯಾಶಾಸ್ತ್ರಕ್ಕೂ ಕೂರುತ್ತೆ, ಗೊಂದಲವೂ ತಪ್ಪುತ್ತೆ. ಎರಡು ಎಲ್ ಹಾಕಬಹುದು, ಕೊನೆಗೆ ಎಚ್ ಹಾಕಬಹುದು.

ನೋಂದಣಿ ಖಾತೆ
ದಯವಿಟ್ಟು ಬೇಡ. ಆ ಹೆಚ್ಚುವರಿ ಎಚ್ ಬರೆಯುವುದು ಅಪ್ಪ ಅಮ್ಮ ಇಬ್ಬರೇ. ಶಾಲೆಯವರು ಬಿಡುತ್ತಾರೆ, ಬ್ಯಾಂಕಿನವರು ಬಿಡುತ್ತಾರೆ. ಆಮೇಲೆ ‘ಎರಡೂ ಹೆಸರು ಒಬ್ಬಳದೇ’ ಅಂತ ಅಫಿಡವಿಟ್ ಮಾಡಿಸುತ್ತಾ ಕೂರಬೇಕು. ಅಲ್ಲದೆ ಯಾವ ಸಂಖ್ಯಾಶಾಸ್ತ್ರ? ಪೈಥಾಗೊರಸ್ ಪದ್ಧತಿಯಲ್ಲಿ ಐಗೆ 9, ಎಲ್‌ಗೆ 3, ಎಗೆ 1. ಕೂಡಿಸಿದರೆ 13, ಅಂದರೆ 4. ಚಾಲ್ಡಿಯನ್ ಪದ್ಧತಿಯಲ್ಲಿ ಐಗೆ 1, ಎಲ್‌ಗೆ 3, ಎಗೆ 1, ಒಟ್ಟು 5. ಅದೇ ಹೆಸರು, ಎರಡು ಭವಿಷ್ಯ. ಬೇಕಾದ್ದು ಆರಿಸಿಕೊಳ್ಳಿ.

ಗಂಗಾವತಿ ಗದ್ದೆ
👏

ದಖನಿ ಜುಬಾನ್
ಮನೆತನದ ಹೆಸರು ಬಗ್ಗೆ ಯಾರೂ ಹೇಳಲಿಲ್ಲ. ಗಲ್ಫಿಗೆ ಹೋಗಿ ಬರೋ ಮನೆಗಳಿಗೆ ಇದು ಗೊತ್ತಿರಬೇಕು. 2022ರ ನವೆಂಬರ್‌ನಲ್ಲಿ ಯುಎಇ, ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿದ್ದವರಿಗೆ ವಿಸಿಟ್ ವೀಸಾ ಮೇಲೆ ಪ್ರವೇಶ ಇಲ್ಲ ಅಂತು. ಆಮೇಲೆ ಪಾಸ್‌ಪೋರ್ಟಿನಲ್ಲಿ ತಂದೆ ಹೆಸರಿದ್ದರೆ ನಡೆಯತ್ತೆ ಅಂತ ಸಡಿಲ ಮಾಡ್ತು. ಅಂದ್ರೆ ಬರೀ ‘ಇಳಾ’ ಅಂತ ಜನನ ಪತ್ರದಲ್ಲಿ ಬರೆಸಬಾರದು, ಎರಡನೇ ಪದ ಇರಲೇಬೇಕು.

ಹಗರಿ ದಂಡೆ
ಹಾ, ಇನಿಷಿಯಲ್ ಗಲಾಟೆ. ಬಳ್ಳಾರಿ ಕಡೆ ತೆಲುಗಿನವ್ರ ಥರ ಮನೆ ಹೆಸರು ಮುಂದೆ, ಅದೂ ಒಂದಕ್ಷರ ಮಾಡಿ ಚುಕ್ಕಿ ಇಡ್ತಾರೆ. ಕೊಪ್ಪಳ ಕಡೆ ಊರ ಹೆಸರು ಹಿಂದೆ. ಇನಿಷಿಯಲ್ ಹಾಕಿದ್ರೆ ಆಧಾರ್ ಒಂಥರ, ಪಾಸ್‌ಪೋರ್ಟ್ ಒಂಥರ ಆಗತ್ತೆ, ಪಾಸ್‌ಪೋರ್ಟಿನವ್ರು ಬಿಡಿಸಿ ಬರಿ ಅಂತಾರೆ. ಮೊದಲ ದಿನದಿಂದಲೇ ಬಿಡಿಸಿ ಬರೆಯಿರಿ. ಇಲ್ಲಿ ಸಣ್ಣ ಹೆಸರಿನ ಲಾಭ ಐತೆ ನೋಡಿ, ಎರಡಕ್ಷರ ಮತ್ತು ಆರಕ್ಷರ ಸೇರಿದ್ರೂ ಒಂದೇ ಸಾಲಲ್ಲಿ ಹಿಡೀತೈತೆ.

ರಾಯಚೂರ ಬಿಸಿಲು
ಹೆಸರು ಹೇಳ್ರಿ ಅಂದ್ರ ಎಲ್ಲಾರೂ ಕಚೇರಿ ಹೊಕ್ಕೀರಿ. ‘ಈ’ ವ್ಯವಹಾರಕ್ಕ ಬ್ಯಾಡಂದ್ರ ನಮ್ಮ ಸೀಮಿಯಾಗ ಹೆಸರಿಗೇನು ಬರ? ಆನೆಗೊಂದಿ ಅಂದ್ರ ಕಿಷ್ಕಿಂಧೆ. ತಾರಾ ವಾಲಿ ಹೆಂಡ್ತಿ, ರುಮಾ ಸುಗ್ರೀವನ ಹೆಂಡ್ತಿ. ರುಮಾ ಅಂತ ನಮ್ಮ ಕಡಿ ಯಾರೂ ಇಟ್ಟಿಲ್ಲ, ಬಂಗಾಲದಾಗ ಇಡ್ತಾರ. ಪಂಪಾ ಅಂತಿಡ್ರಿ. ತುಂಗಭದ್ರೆಯ ಹಳೇ ಹೆಸರು, ಪಂಪಾ ಸರೋವರ ನಿಮ್ಮ ಗಂಗಾವತಿ ತಾಲ್ಲೂಕಿನಾಗ ಅದ. ಪಂಪೆಯ ‘ಪ’ ‘ಹ’ ಆಗಿ ಹಂಪೆ ಆಗಿದ್ದು. ಪಂಪಾಪತಿ, ಪಂಪಣ್ಣ, ಪಂಪಮ್ಮ ಅಂತ ಮುದುಕ್ರು ಬೇಕಾದಷ್ಟು ಮಂದಿ ಅದಾರ, ಕೂಸುಗಳೊಳಗ ಹುಡುಕಬೇಕು.

ಒಂದೇ ಸಾಲು
ರೂಮಾ? ಬಾಡಿಗಿ ಎಷ್ಟು?

ಗಂಗಾವತಿ ಗದ್ದೆ
ಪಂಪಾ ಅಂದ್ರ ಹೊಲಕ್ಕ ಹೋದಾಗ ‘ಪಂಪ್ ಚಾಲೂ ಮಾಡು’ ಅಂತಾರಲ್ರೀ.

ರಾಯಚೂರ ಬಿಸಿಲು
ನಗ್ರಿ, ಆದ್ರ ಕೂಗಿ ನೋಡ್ರಿ. ಎರಡಕ್ಷರದ ಹೆಸರು ದೂರ ಮುಟ್ಟಬೇಕಂದ್ರ ಮೊದಲ್ನೇ ಅಕ್ಷರ ಗುರು ಇರಬೇಕು. ‘ತಾ’ರಾ, ‘ರೇ’ವಾ, ‘ಪಂ’ಪಾ, ‘ತುಂ’ಗಾ, ‘ವೇ’ದಾ. ಇಳಾ, ರುಮಾದಾಗ ಮೊದಲ್ನೇದು ಲಘು, ಜ್ವಾಳದ ಹೊಲದ ಆ ಕಡಿಯಿಂದ ಕರದ್ರ ಬರೇ ‘ಳಾ’, ‘ಮಾ’ ಕೇಳ್ತದ.

ಹಗರಿ ದಂಡೆ
ವೇದಾ ಒಳ್ಳೇದು. ನಮ್ಮ ಹಗರಿಗೆ ವೇದಾವತಿ ಅಂತಲೇ ಹೆಸರು. ರೇವಾ ಅಂದ್ರೆ ನರ್ಮದೆ, ಆದ್ರೆ ಬ್ಯಾಟರಿ ಕಾರಿನ ಹೆಸರೂ ಅದೇ ಇತ್ತು, ಬೆಂಗಳೂರಿನವ್ರು ಕೇಳ್ತಾರೆ.

ಪದಕೋಶ
ರುಮೆಯನ್ನು ವಾಲಿ ಅಪಹರಿಸಿದ್ದ ಎಂದು ಯಾರಾದರೂ ತೆಗೆಯುವ ಮೊದಲು ನಾನೇ ಹೇಳಿಬಿಡುತ್ತೇನೆ. ಇಳೆಯ ವಿಷಯದಲ್ಲಿ ಹೇಳಿದ್ದೇ ಇದಕ್ಕೂ ಅನ್ವಯ.

ಇದರ ಜೊತೆ ಒಂದು ಎಚ್ಚರಿಕೆ. ಜಾಲತಾಣದ ಅರ್ಥ ನಂಬಿ ಇಡಬೇಡಿ. ಅನಯಾ ಎಂಬ ಹೆಸರಿಗೆ ‘ದೇವರ ಕೃಪೆ’ ಎಂದೆಲ್ಲ ಬರೆದಿರುತ್ತಾರೆ. ಸಂಸ್ಕೃತದಲ್ಲಿ ಅನಯ ಎಂದರೆ ದುರ್ನೀತಿ, ಆಪತ್ತು. ಮೈರಾಗೆ ಸಂಸ್ಕೃತ ಮೂಲ ಕಟ್ಟುತ್ತಾರೆ. ಅಲ್ಲಿ ಹತ್ತಿರದ ಪದ ಮೈರೇಯ, ಅದೊಂದು ಬಗೆಯ ಮದ್ಯ. ಕಿಯಾರಾ ಇಟಲಿಯ ಮಾತು, ಸ್ವಚ್ಛ, ತಿಳಿ ಎಂದರ್ಥ. ಇಡಬಾರದೆಂದಲ್ಲ, ತಿಳಿದು ಇಡಿ. ಕನ್ನಡ ಪದವಾದರೆ ಕಿಟ್ಟೆಲ್ ಅಥವಾ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟದ ನಿಘಂಟು, ಸಂಸ್ಕೃತವಾದರೆ 1899ರ ಮೋನಿಯರ್ ವಿಲಿಯಮ್ಸ್. ಮೂರರಲ್ಲೂ ಇಲ್ಲದ್ದು ಅಂದರೆ ಯಾರೋ ಮೊನ್ನೆ ಹೊಲಿದದ್ದು.

ತೊಟ್ಟಿಲ ಹಾಡು
ಹಳೇ ಶರಣೆಯರ ಹೆಸರನ್ನೂ ನೋಡ್ರಿ. ನೀಲಾ, ಗಂಗಾ ಎಲ್ಲಾರಿಗೂ ಗೊತ್ತು. ಮುಕ್ತಾಯಕ್ಕನಿಂದ ಮುಕ್ತಾ ತಗೀಬಹುದು, ಅಪರೂಪ ಐತಿ. ಆಯ್ದಕ್ಕಿ ಲಕ್ಕಮ್ಮನ ಲಕ್ಕಾನೂ ಛಂದ, ಆದ್ರ ಇಂಗ್ಲಿಷ್ ಸಾಲ್ಯಾಗ ಲಕ್ಕಿ ಮಾಡ್ತಾರ. ಬೊಂತಾದೇವಿಯ ಬೊಂತಾ ಬ್ಯಾಡ, ಬೊಂತಿ ಅಂದ್ರ ಹೊದಿಯೂ ಕೌದಿ.

ಶಾಲಾ ಹಾಜರಿ
ಇಟ್ಟ ಮ್ಯಾಲ ಏನಾಗ್ತೈತಿ ಅನ್ನೂದೂ ಲೆಕ್ಕಕ್ಕ ಇರ್ಲಿ. ನಾಕಕ್ಷರದ ಹೆಸರನ್ನ ಮಂದಿ ಕತ್ತರಿಸ್ತಾರ, ಆರಾಧ್ಯಾ ಆರು ಆಗ್ತೈತಿ. ಎರಡಕ್ಷರದ್ದನ್ನ ಹಿಗ್ಗಿಸ್ತಾರ: ಇಳವ್ವ, ಪಂಪವ್ವ, ಬಳ್ಳಾರಿಗೆ ಹೋದ್ರ ಇಳಮ್ಮ, ಪಂಪಮ್ಮ. ಹಿಗ್ಗಿಸಿದ ರೂಪ ನಿಮಗ ಒಪ್ಪಿಗಿ ಇದ್ರಷ್ಟ ಇಡ್ರಿ, ತಡಿಯಾಕ ಆಗೂದಿಲ್ಲ. ಅಪರೂಪ ಹೌದೋ ಅಲ್ಲೋ ಅಂತ ನೋಡಾಕ ಮತದಾರರ ಪಟ್ಟಿ ತಗಿಬ್ಯಾಡ್ರಿ, ಅದ್ರಾಗ ಇರೋದು ಹದಿನೆಂಟು ದಾಟಿದವ್ರು. ಅಂಗನವಾಡಿ ಟೀಚರ್ ಹತ್ರ ಮೂರು ವರ್ಷದ ಒಳಗಿನ ಹೆಸರು ಕೇಳ್ರಿ, ಒಂದ ನಿಮಿಷದ ಕೆಲಸ.

ಕೊಪ್ಪಳದ ಅಪ್ಪ
ಎಲ್ಲಾರೂ ಹೇಳಿದ್ದನ್ನ ಮನ್ಯಾಗ ಓದಿ ಹೇಳಿದೆ. ಅಜ್ಜಿಗೆ ಇಳಾ, ಪಂಪಾ ಎರಡೂ ಅನ್ನಸಿ ನೋಡಿದ್ವಿ. ಪಂಪಾ ಅಂದಾಗ ‘ಹುಲಿಗೆಮ್ಮನ ಹುಲಿಗಿಗೆ ಹೋಗೂ ದಾರ್ಯಾಗ ಕರದಂಗಾತು’ ಅಂದ್ಳು. ಅದು ಛಲೋ ಅಂತೋ ಅಲ್ಲಂತೋ ತಿಳೀವಲ್ದು. ಬೀಗರು ಎರಡಕ್ಕೂ ಸೈ ಅಂದ್ರು. ಸದ್ಯ ಕಿವಿಯಾಗ ಇಳಾ, ಅದು ‘ಈ’ಗೂ ಕೂಡ್ತೈತಿ. ಕರಿಯಾಕ ಪಂಪಾ ಅಂತ ಮನಸ್ಸೈತಿ. ಕಾಗದಕ್ಕ ಯಾವುದು ಅನ್ನೂದು ಇನ್ನ ಜಗಳ ನಡದೈತಿ, ನೋಂದಣಿ ಖಾತೆಯವ್ರು ಹೇಳಿದಂಗ ಹೆಸರಿನ ಜಾಗ ಖಾಲಿ ಬಿಟ್ಟು ನೋಂದಣಿ ಮಾಡಸ್ತೀವಿ.

ನೋಂದಣಿ ಖಾತೆ
ಖಾಲಿ ಬಿಟ್ಟಿದ್ದರೂ ತಂದೆ ತಾಯಿ ಹೆಸರನ್ನು ನಿಮ್ಮ ಆಧಾರ್‌ನಲ್ಲಿ ಇದ್ದ ಹಾಗೇ ಬರೆಸಿ, ಅಲ್ಲೇ ಹೆಚ್ಚು ತಪ್ಪಾಗುವುದು. ಹೆಸರು ಸೇರಿಸುವ ದಿನ ಕನ್ನಡ, ಇಂಗ್ಲಿಷ್ ಎರಡನ್ನೂ ಒಂದು ಹಾಳೆಯಲ್ಲಿ ದೊಡ್ಡದಾಗಿ ಬರೆದು ಒಯ್ಯಿರಿ, ಬಾಯಲ್ಲಿ ಹೇಳಬೇಡಿ. ಪ್ರಿಂಟ್ ತೆಗೆಯುವ ಮುಂಚೆ ಪರದೆಯ ಮೇಲೆ ನೋಡಿ.

ಶಾಲಾ ಹಾಜರಿ
ಇಳಾ ಆದ್ರ ‘ಳ’ ಕುಂತೈತೋ ‘ಲ’ ಕುಂತೈತೋ ನೋಡ್ರಿ.

ಒಂದೇ ಸಾಲು
ಪಂಪಾ ಆದ್ರ ಕರೆಂಟ್ ಐತೇನು ನೋಡ್ರಿ.